ಬೆದೆಗಾಲ ಬಲ್ಲವನ ಕೈಲಿ ಕೋವಿ ಇರಲಿಲ್ಲ

ಮಲೆನಾಡಿನ ಹಳೇ ದೊಡ್ಡಮನೆಗಳ ಜಗಲಿ ಹತ್ತಿದವರೆಲ್ಲ ಗೋಡೆಯ ಮೇಲೆ ಕಡವೆ ಕೊಂಬು ನೋಡಿರುತ್ತಾರೆ. ಕೆಲವಕ್ಕೆ ಬೀಟೆ ಹಲಗೆ ಕೂಡಿಸಿ ಇಸವಿಯನ್ನೂ ಗುಂಡು ಹಾರಿಸಿದ ಯಜಮಾನರ ಹೆಸರನ್ನೂ ಬರೆಸಿರುತ್ತಾರೆ. ಕೆಲವು ಈಗ ಕೊಡೆ, ಟೋಪಿ ನೇತುಹಾಕುವ ಗೂಟಗಳಾಗಿವೆ. ಆ ಕಡವೆ ಅವತ್ತು ಯಾವ ಹಳುವಿನಲ್ಲಿ ಮಲಗಿತ್ತು, ಎಬ್ಬಿಸಿದರೆ ಯಾವ ಕಂಡಿಯಿಂದ ಹೊರಬೀಳುತ್ತದೆ, ಅದು ಬೆದೆಗೆ ಬಂದು ಮೈಮರೆತಿದೆಯೋ ಇಲ್ಲವೋ, ಇದನ್ನೆಲ್ಲ ಮುಂಚೆಯೇ ನೋಡಿಕೊಂಡು ಬಂದು ಅಂಗಳದಲ್ಲಿ ನಿಂತು ಹೇಳಿದವನೊಬ್ಬ ಇದ್ದ. ಅವನ ಹೆಸರಿರುವ ಹಲಗೆಯನ್ನು ನಾವು ಇವತ್ತಿನವರೆಗೆ ಎಲ್ಲೂ ನೋಡಿಲ್ಲ.

ಆ ಮನುಷ್ಯನ ತಿಳಿವಳಿಕೆಯ ಬಗ್ಗೆ ನಾಲ್ಕು ಮಾತು ಬರೆಯಬೇಕು ಅಂತ ಹೊರಟಿದ್ದೇವೆ. ಕೊಪ್ಪ ತಾಲೂಕಿನ ನಾರ್ವೆ ಸುತ್ತಿನ ಕೇರಿಗಳಿಗೆ ನಾವು ಹೋಗಿದ್ದು ಬೇಟೆಯ ವಿಷಯ ಕೇಳಲಿಕ್ಕಲ್ಲ, ಜೀತದ ಕಾಲದ ಲೆಕ್ಕ ಕೇಳಲಿಕ್ಕೆ. ಆದರೆ ಮುದುಕರ ಬಾಯಲ್ಲಿ ಜೀತದ ಮಾತು ಬಂದ ಕಡೆಯಲ್ಲೆಲ್ಲ ಶಿಕಾರಿಯ ಮಾತೂ ಬಂತು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಳು ನುಗ್ಗುವುದೂ ಜೀತದ ಕೆಲಸವೇ ಆಗಿತ್ತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಸೀಮೆಯಲ್ಲಿ ಅಡಿಕೆ ತೋಟ ಮಾಡಿದವರು, ಗದ್ದೆ ಉತ್ತವರು, ಕಾನಿನಿಂದ ಸೊಪ್ಪು ಕಡಿದು ಹೊತ್ತವರು ಯಾರು? ಹೊಲೆಯರು, ಹಸಲರು, ಗೌಡ್ಲು, ಮಲೆಕುಡಿಯರು. ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಆಳುಗಳನ್ನು ಎರಡು ಬಗೆ ಮಾಡಿ ಬರೆದಿದ್ದಾನೆ: ಹುಟ್ಟಾಳು, ಮಣ್ಣಾಳು. ಒಬ್ಬ ಒಡೆಯನ ಮನೆಗೆ ಹುಟ್ಟಿನಿಂದ ಸೇರಿದವನು, ಇನ್ನೊಬ್ಬ ಮಣ್ಣಿನ ಜೊತೆಗೇ ಕೈ ಬದಲಾಗುವವನು. ಜೀತ ಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಅಲ್ಲಿಯವರೆಗೆ ಒಡೆಯ ಕೋವಿ ಹೆಗಲಿಗೇರಿಸಿದ ದಿನ ಆಳು ಕತ್ತಿ ಹಿಡಿದು ಹಳುವಿಗೆ ಇಳಿಯಲೇಬೇಕು. ಅದಕ್ಕೆ ಬೇರೆ ಕೂಲಿ ಅಂತ ಇರಲಿಲ್ಲ.

ಅವನಿಗೆ ಕಾಡು ಗೊತ್ತಾಗಿದ್ದು ಹೇಗೆ? ಕಾಡಿನ ಮಕ್ಕಳಿಗೆ ಅದು ರಕ್ತದಲ್ಲೇ ಬರುತ್ತೆ ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಹೊಗಳಿಕೆಯ ವೇಷದಲ್ಲಿರುವ ಜಾತಿಯ ಮಾತು ಅದು. ಗೊತ್ತಾಗಿದ್ದು ಕೆಲಸದಿಂದ. ಸೊಪ್ಪಿನಬೆಟ್ಟ ತೋಟದವರ ಹಕ್ಕಿನದು, ಸೊಪ್ಪಿಗೆ ಹೋಗುತ್ತಿದ್ದವರು ಕೇರಿಯ ಗಂಡಸು ಹೆಂಗಸರು. ಮರ ಮರ ನೋಡಿಕೊಂಡು ನಡೆಯುವ ಕೆಲಸ ಅದು. ಕಾರ್ತಿಕ, ಮಾರ್ಗಶಿರದಲ್ಲಿ ಭತ್ತ ಹಾಲು ತುಂಬಿ ಬಲಿಯುವ ಹೊತ್ತಿಗೆ ಕಾಡಂಚಿನ ಗದ್ದೆಗೆ ಹಂದಿ, ಕಡವೆ ಇಳಿಯುತ್ತವೆ. ಮಾಳದಲ್ಲಿ ಬೆಂಕಿ ಹಾಕಿಕೊಂಡು, ತಗಡು ಬಡಿದುಕೊಂಡು, ಕಂಬಳಿ ಹೊದ್ದು ಇಡೀ ರಾತ್ರಿ ಕಾಯುತ್ತಿದ್ದವನು ಆಳು. ಗದ್ದೆಯ ಒಡೆಯ ಮನೆಯೊಳಗೆ ಮಲಗಿರುತ್ತಿದ್ದ. ಕಡವೆಗೆ ಮುಖ್ಯವಾದ ಬೆದೆಗಾಲವೂ ಇದೇ: ನವೆಂಬರ್, ಡಿಸೆಂಬರ್. ಮಧ್ಯಪ್ರದೇಶದ ಕಾನ್ಹಾ ಕಾಡಿನಲ್ಲಿ ಜಿಂಕೆ, ಕಡವೆಗಳ ಬೆನ್ನು ಹತ್ತಿದ ಜಾರ್ಜ್ ಶಾಲರ್ ಎಂಬ ವಿಜ್ಞಾನಿ 1967ರಲ್ಲಿ ಪುಸ್ತಕ ಪ್ರಕಟಿಸಿದ. ಈ ಪ್ರಾಣಿಗಳ ಬೆದೆಗಾಲದ ನಡವಳಿಕೆಯನ್ನು ದಿನದಿನವೂ ನೋಡಿ ಬರೆದಿಟ್ಟ ದೊಡ್ಡ ಕೆಲಸ ಅದು, ಅದಕ್ಕೆ ನಮ್ಮ ಗೌರವವಿದೆ. ಮಾಳದ ಮೇಲೆ ಕೂತವನೂ ನೋಡಿದ್ದ, ಕೇಳಿದ್ದ. ಬರೆದಿಡುವುದಕ್ಕೆ ಅಕ್ಷರ ಇರಲಿಲ್ಲ ಅಷ್ಟೆ.

ಅವನಿಗೆ ಗೊತ್ತಿದ್ದದ್ದು ಏನು ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲದಿದ್ದರೆ ‘ಅನುಭವ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಗಂಡು ಕಡವೆ ಬೇಸಿಗೆಯ ಸುಮಾರಿಗೆ ಕೊಂಬು ಉದುರಿಸುತ್ತದೆ. ಮಳೆಗಾಲದಲ್ಲಿ ಹೊಸ ಕೊಂಬು ಬರುತ್ತದೆ, ಅದರ ಮೇಲೆ ಮೆತ್ತನೆ ತೊಗಲಿರುತ್ತದೆ. ಮಳೆ ಹಿಂದಾದ ಮೇಲೆ ಒಳಗಿನದು ಗಟ್ಟಿಯಾಗಿ, ಆ ತೊಗಲನ್ನು ಮರಕ್ಕೆ ಉಜ್ಜಿ ಕಳಚಿಕೊಳ್ಳುತ್ತದೆ. ಹೊಸಬ ಶಿಕಾರಿಯವನು ಸಿಪ್ಪೆ ಸುಲಿದ ಮರ ಕಂಡ ಕೂಡಲೇ ಬೆದೆ ಬಂತು ಅಂತ ಕುಣಿಯುತ್ತಾನೆ. ಬಲ್ಲವನು ಕುಣಿಯುವುದಿಲ್ಲ. ತೊಗಲು ಕಳಚಲು ಉಜ್ಜಿದ್ದು ಬೇರೆ, ಬೆದೆಯ ಸೊಕ್ಕಿನಲ್ಲಿ ತಿವಿದದ್ದು ಬೇರೆ, ತಿನ್ನಲು ಹಲ್ಲಿನಿಂದ ಸಿಪ್ಪೆ ಎಬ್ಬಿಸಿದ್ದು ಇನ್ನೂ ಬೇರೆ. ಮೊದಲನೆಯದು ಬೆದೆಗೆ ಎಷ್ಟೋ ವಾರ ಮುಂಚೆಯೇ ಶುರುವಾಗುತ್ತದೆ. ಎರಡನೆಯದರಲ್ಲಿ ಸಣ್ಣ ಗಿಡ ಪೊದೆಗಳು ಚಿಂದಿಯಾಗಿರುತ್ತವೆ, ನೆಲ ಗೊರಸಿನಿಂದ ಕೆದರಿರುತ್ತದೆ, ಹತ್ತಿರದಲ್ಲೇ ನಾತ ಇರುತ್ತದೆ.

ಆ ನಾತದ ಮೂಲ ಕೆಸರು ಹೊಂಡ. ಬೆದೆಗೆ ಬಂದ ಗಂಡು ಹೊಂಡದಲ್ಲಿ ಉಚ್ಚೆ ಹೊಯ್ದು ಅದರಲ್ಲೇ ಹೊರಳುತ್ತದೆ. ಹಂದಿಯೂ ಹೊರಳುತ್ತದಲ್ಲ, ಯಾವುದು ಯಾವುದರದು? ಕೇರಿಯ ಅಜ್ಜನೊಬ್ಬರು ನಮಗೆ ಹೇಳಿದ್ದು ಇಷ್ಟು: ‘ಹೊಂಡ ನೋಡ್ಬೇಡಿ ಮಾರಾಯ್ರೆ, ಹೊಂಡದ ಪಕ್ಕದ ಮರ ನೋಡಿ. ಹಂದಿ ತಿಕ್ಕಿದ್ರೆ ಕೆಸರು ನಿಮ್ ಮೊಣಕಾಲಿಗೆ, ಹೆಚ್ಚಂದ್ರೆ ತೊಡೆಗೆ. ಕಡ ತಿಕ್ಕಿದ್ರೆ ಎದೆಗೆ.’ ಒಂದು ಪುಟದ ವಿವರಣೆ ಈ ಮಾತಿನಲ್ಲಿದೆ.

ಇನ್ನೊಂದು ಗುರುತು ತಲೆಯ ಮೇಲಿರುತ್ತದೆ. ಗಂಡು ಕಡವೆ ಹಿಂಗಾಲ ಮೇಲೆ ಎದ್ದು ನಿಂತು, ಬಾಗಿದ ಕೊಂಬೆಗೆ ಮುಖ, ಕೊಂಬು ತಿಕ್ಕುತ್ತದೆ. ಕಣ್ಣಿನ ಕೆಳಗಿನ ಗ್ರಂಥಿಯ ವಾಸನೆ ಎಲೆಗೆ ಹತ್ತಿಸುವುದು ಅದರ ಉದ್ದೇಶ. ಮನುಷ್ಯನ ಕೈಗೆ ಎಟುಕದ ಎತ್ತರದಲ್ಲಿ ರೆಂಬೆ ಮುರಿದಿರುತ್ತದೆ. ಆನೆ ಬಂತು ಅಂತ ಹೆದರಿದವರೂ ಉಂಟಂತೆ. ಮತ್ತೆ ಗಂಟಲಿನ ಕೆಳಗೆ ಕೂದಲು ಉದುರಿ ಕೆಂಪಗೆ ಒಸರುವ ಜಾಗ. ಹೆಣ್ಣಿನಲ್ಲೂ ಅದು ಕಾಣುತ್ತದೆ. ಹುಳ ಬಿದ್ದ ಹುಣ್ಣು ಅಂತ ತಿಳಿದು, ರೋಗದ ಪ್ರಾಣಿ ಅಂತ ಮಾಂಸ ಬಿಟ್ಟು ಬರುತ್ತಿದ್ದವರೂ ಇದ್ದರು. ಓದಿದವರಲ್ಲೂ ಅದು ಗ್ರಂಥಿಯೋ ಗಾಯವೋ ಅಂತ ಚರ್ಚೆ ನಡೆದಿದೆ.

ಕೂಗಿನ ವಿಷಯ. ಯುರೋಪಿನ ಕೆಂಪುಜಿಂಕೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗುಡ್ಡ ಅದುರುವ ಹಾಗೆ ಗರ್ಜಿಸುತ್ತದೆ. ಅಲ್ಲಿಯ ಬೇಟೆಗಾರನಿಗೆ ಬೆದೆಗಾಲ ಅಂದರೆ ಕಿವಿಯ ಕೆಲಸ. ನಮ್ಮ ಕಡವೆ ಹಾಗೆ ಊರಿಗೆ ಸಾರುವುದಿಲ್ಲ. ರಾತ್ರಿ ‘ಡಾಂಕ್’ ಅಂತ ಕಾಡು ಸೀಳುವ ಅದರ ಕೂಗು ಬೆದೆಯದ್ದಲ್ಲ, ಹುಲಿಯನ್ನೋ ಮನುಷ್ಯನನ್ನೋ ಕಂಡು ಬೆದರಿದ್ದು. ಈ ವ್ಯತ್ಯಾಸ ಮಾಳದಲ್ಲಿ ಕೂತವನಿಗೆ ಪ್ರಾಣದ ಪ್ರಶ್ನೆ. ಆ ಕೂಗು ಕೇಳಿದ ಮೇಲೆ ಇಳಿದು ಮನೆಗೆ ನಡೆಯುವ ಹಾಗಿಲ್ಲ.

ಚುಕ್ಕೆಜಿಂಕೆಯ ದಾರಿಯೇ ಬೇರೆ. ಅದು ಶೃಂಗೇರಿ ಕಡೆಯ ದಟ್ಟ ಮಳೆಕಾಡಿಗೆ ಒಗ್ಗುವುದಿಲ್ಲ. ನರಸಿಂಹರಾಜಪುರದಾಚೆ, ಭದ್ರೆಯ ದಿಕ್ಕಿನ ಒಣಗಾಡಿನದು. ಒಂದೇ ಹಿಂಡಿನಲ್ಲಿ ಒಂದು ಗಂಡಿಗೆ ಗಟ್ಟಿ ಕೊಂಬು, ಇನ್ನೊಂದಕ್ಕೆ ತೊಗಲು ಕೊಂಬು. ಬೆದೆಯ ಭರ ಕೆಲವು ತಿಂಗಳಲ್ಲಿ ಹೆಚ್ಚು ಅನ್ನಬಹುದೇ ಹೊರತು ಇಂಥ ಪಕ್ಷದಲ್ಲಿ ಅಂತ ಗೆರೆ ಎಳೆಯಲಾಗದು. ಕಾಡುಕುರಿಗಂತೂ ವರ್ಷವಿಡೀ ಅದೇ.

ಈ ತಿಳಿವಳಿಕೆ ಯಾರ ಪಾಲಿಗೆ ಏನಾಯಿತು? ಬೆದೆಗೆ ಬಂದ ಗಂಡು ಮೇವು ಬಿಡುತ್ತದೆ, ಎಚ್ಚರ ತಪ್ಪುತ್ತದೆ. ಕೊಂಬು ಪೂರ್ತಿ ಬಲಿತಿರುತ್ತದೆ. ಗೋಡೆಗೆ ಬೇಕಾದವನಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಆದರೆ ಹೊಟ್ಟೆಗೆ ಬೇಕಾದವನಿಗೆ ಇದು ಕೆಟ್ಟ ಕಾಲ. ಬೆದೆಯ ಗಂಡಿನ ಮಾಂಸ ಗಡುಸು, ಎಷ್ಟು ಖಾರ ಹಾಕಿದರೂ ನಾತ ಹೋಗುವುದಿಲ್ಲ. ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಆಮೇಲೆ ಹಳು ನುಗ್ಗಿದವರಿಗೆ ಅಂತ ನಮಗೆ ಹೇಳಿದರು. ಕೊಂಬು ಜಗಲಿಗೆ ಹೋಯಿತು, ನಾತದ ಮಾಂಸ ಕೇರಿಗೆ ಬಂತು. ಬೆದೆಗಾಲವನ್ನು ಗುರುತಿಸಿ ಹೇಳಿದವನು ಯಾವ ಕಾಲದಲ್ಲಿ ಹೊಡೆಯಬೇಕು ಅನ್ನುವುದನ್ನು ತೀರ್ಮಾನಿಸುವ ಹಾಗಿರಲಿಲ್ಲ.

ಅವನೇ ಯಾಕೆ ಕೋವಿ ಹಿಡಿಯಲಿಲ್ಲ ಅಂತ ವಿದ್ಯಾರ್ಥಿ ಗೆಳೆಯರೊಬ್ಬರು ಕೇಳಿದರು. 1878ರಿಂದ ಬ್ರಿಟಿಷರ ಆಯುಧ ಕಾಯಿದೆ, ಸ್ವಾತಂತ್ರ್ಯದ ನಂತರ 1959ರದ್ದು. ಮಲೆನಾಡಿನಲ್ಲಿ ಕೋವಿಗೆ ಪರವಾನಗಿ ಸಿಗುತ್ತಿದ್ದದ್ದು ಹೆಚ್ಚಾಗಿ ಬೆಳೆ ಕಾಯುವ ಹೆಸರಿನಲ್ಲಿ. ಜಮೀನಿಲ್ಲದವನಿಗೆ ಬೆಳೆ ಇಲ್ಲ, ಬೆಳೆ ಇಲ್ಲದವನಿಗೆ ಪರವಾನಗಿ ಇಲ್ಲ. ಆದರೆ ಬೆಳೆ ಕಾದವನು ಅವನೇ!

ಬೇಟೆ ದೊರೆಗಳ ವಿನೋದ ಅಂತ ಮೊದಲಿನಿಂದ ಬರೆಯುತ್ತಾ ಬಂದಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೇ ಶತಮಾನದಲ್ಲಿ, ಬೇಟೆ ವಿನೋದಗಳ ಪಟ್ಟಿಗೆ ಸೇರಿದೆ. ಮಹಾಭಾರತದ ಪಾಂಡುವಿನ ಕತೆ ನಮ್ಮ ಯಕ್ಷಗಾನ ನೋಡುವ ಹುಡುಗರಿಗೂ ಗೊತ್ತು. ಜಿಂಕೆ ರೂಪದಲ್ಲಿ ಕೂಡಿದ್ದ ಕಿಂದಮ ಋಷಿಯನ್ನೂ ಅವನ ಹೆಂಡತಿಯನ್ನೂ ಪಾಂಡು ಹೊಡೆದ. ಋಷಿ ಆಡಿದ ಮಾತು ಗಮನಿಸಿ: ಜಿಂಕೆ ಕೊಂದದ್ದಕ್ಕೆ ನಿನ್ನನ್ನು ದೂರುವುದಿಲ್ಲ, ಕೂಡುವ ಹೊತ್ತು ಮುಗಿಯುವವರೆಗೆ ಕಾಯಬೇಕಿತ್ತು ಎಂದ. ಅಂದರೆ ಬೆದೆಯ ಹೊತ್ತಿನಲ್ಲಿ ಹೊಡೆಯುವುದು ತಪ್ಪು ಅನ್ನುವ ಅರಿವು ಆ ಕಾಲಕ್ಕೇ ಇತ್ತು. ಅದನ್ನು ಮುರಿದವನು ದೊರೆ.

ಮದ್ದೂರು ತಾಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಕಲ್ಲೊಂದಿತ್ತು, ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ರಾಷ್ಟ್ರಕೂಟ ಮೂರನೇ ಕೃಷ್ಣ ತನ್ನ ‘ಕಾಳಿ’ ಎಂಬ ನಾಯಿಯನ್ನು ಮಣಲೇರನಿಗೆ ಕೊಟ್ಟ. ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಿತು, ಅದಕ್ಕೆ ಕಲ್ಲು ನಿಲ್ಲಿಸಿದರು. ನಾಯಿಗೆ ಕಲ್ಲು ನಿಲ್ಲಿಸಿದ್ದಕ್ಕೆ ನಮ್ಮ ತಕರಾರಿಲ್ಲ, ಅದು ಹೋರಾಡಿದ್ದು ನಿಜ. ಸಾವಿರ ವರ್ಷದ ನಂತರವೂ ಅದರ ಹೆಸರು ಓದಬಹುದು. ಅವತ್ತು ಆ ಹಂದಿ ಇರುವ ಜಾಗ ತೋರಿಸಿದವನು ಯಾರು?

ಬಿಳಿಯರು ಬಂದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಮಂಜರಾಬಾದಿನ ಕಾಫಿ ಪ್ಲಾಂಟರ್ ಆರ್. ಎಚ್. ಎಲಿಯಟ್ 1894ರಲ್ಲಿ ಒಂದು ಪುಸ್ತಕ ತಂದ. ಅದರ ಹೆಸರೇ ಮೈಸೂರಿನಲ್ಲಿ ಚಿನ್ನ, ಶಿಕಾರಿ ಮತ್ತು ಕಾಫಿ ಬೇಸಾಯ ಅಂತ. ಚಿನ್ನಕ್ಕೂ ಕಾಫಿಗೂ ನಡುವೆ ಶಿಕಾರಿ! ಮೂರಕ್ಕೂ ಮೈ ಸವೆಸಿದವರು ಒಂದೇ ಜನ. ಇದಕ್ಕೆ ಹೋಲಿಸಿದರೆ ನಮ್ಮ ಸಾಹಿತ್ಯ ಸ್ವಲ್ಪ ಮೇಲು. ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಜೀತದ ಹೊಲೆಯ ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಸರು ಕೊಟ್ಟು ಕತೆಯ ನಡುವೆ ನಿಲ್ಲಿಸಿದರು. ಗೆಜೆಟಿಯರು ಮಾಡದ ಕೆಲಸ ಅದು.

ಇನ್ನು ಕಾನೂನು. ಇಂಗ್ಲೆಂಡಿನಲ್ಲಿ 1723ರಲ್ಲಿ ‘ಕಪ್ಪು ಕಾಯಿದೆ’ ಮಾಡಿದರು. ಮುಖಕ್ಕೆ ಮಸಿ ಬಳಿದುಕೊಂಡು ದೊರೆಯ ಕಾಡಿನ ಜಿಂಕೆ ಹೊಡೆದವನಿಗೆ ಗಲ್ಲು. ಚರಿತ್ರೆಕಾರ ಇ. ಪಿ. ಥಾಂಪ್ಸನ್ 1975ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಜಿಂಕೆ ಯಾರದು ಅನ್ನುವ ಜಗಳ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ ಅಂತ ತಿಳಿಯಲು ಅದು ಸಾಕು. ಮೈಸೂರು ಸಂಸ್ಥಾನ 1900ರಲ್ಲಿ ಕಾಡಿನ ಕಾಯಿದೆ, 1901ರಲ್ಲಿ ಬೇಟೆ ಮತ್ತು ಮೀನಿನ ಕಾಯಿದೆ ಮಾಡಿತು. 1951ರಲ್ಲಿ ಜಾಗರ ಕಣಿವೆ, 1974ರಲ್ಲಿ ಭದ್ರಾ ಅಭಯಾರಣ್ಯ. 1972ರ ವನ್ಯಜೀವಿ ಕಾಯಿದೆಯಲ್ಲೂ ಮೊದಮೊದಲು ಲೈಸೆನ್ಸ್ ಪಡೆದು ಕೆಲವು ಪ್ರಾಣಿ ಹೊಡೆಯಲು ದಾರಿ ಇತ್ತು, 1991ರ ತಿದ್ದುಪಡಿ ಅದನ್ನು ಮುಚ್ಚಿತು. ಗೋಡೆಯ ಮೇಲಿನ ಹುಲಿ ಚರ್ಮಕ್ಕೆ ಅರ್ಜಿ ಹಾಕಿ ಒಡೆತನದ ಪ್ರಮಾಣಪತ್ರ ಪಡೆಯಲೂ ಅದೇ ಕಾಯಿದೆಯಲ್ಲಿ ಅವಕಾಶವಿತ್ತು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನವರ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿಕೊಂಡು, ಬೇಟೆಯ ಹಕ್ಕನ್ನು ಬಿಟ್ಟು ಎಂದು ಸೇರಿಸಿತು.

ಬೇಟೆ ಮತ್ತೆ ಶುರುವಾಗಲಿ ಅಂತ ನಾವು ಹೇಳುತ್ತಿಲ್ಲ. ಕಾಡು ಎಷ್ಟು ಉಳಿದಿದೆ ಅಂತ ನಮಗೂ ಕಾಣುತ್ತದೆ. ನಮ್ಮವರೆಲ್ಲ ಕಾಡಿನ ಋಷಿಗಳಾಗಿದ್ದರು ಅನ್ನುವ ಹೊಸ ಚಟವೂ ನಮಗೆ ಬೇಡ. ಹಸಿವಿನ ವರ್ಷಗಳಲ್ಲಿ ಉರುಳು ಒಡ್ಡಿದ್ದರು, ಗಬ್ಬದ ಹೆಣ್ಣು ಸಿಕ್ಕಿಬಿದ್ದಾಗ ಬಿಡಲಿಲ್ಲ. ಇದನ್ನೂ ಅವರೇ ಹೇಳಿದರು, ಮುಚ್ಚಿಡಲಿಲ್ಲ. ಗಬ್ಬ ಎಂಟು ತಿಂಗಳು, ಮಾರ್ಗಶಿರದಲ್ಲಿ ಬೆದೆಯಾದರೆ ಮಳೆಯ ಹೊಸ ಮೇವಿನ ಕಾಲಕ್ಕೆ ಮರಿ ಅನ್ನುವ ಲೆಕ್ಕ ಗೊತ್ತಿದ್ದೂ ಹೊಡೆದೆವು ಅಂದರು. ಈ ಮಾತು ಹೇಳುವಾಗ ಅಜ್ಜ ನಮ್ಮ ಮುಖ ನೋಡಲಿಲ್ಲ.

ಶಾಲೆಯ ಮಾಸ್ತರೊಬ್ಬರು ನಮ್ಮ ಜೊತೆ ಬಂದಿದ್ದರು. ಮರದ ಕೆಸರಿನ ಗುರುತು, ರೆಂಬೆ ಮುರಿದ ಎತ್ತರ, ಮಾಳದ ರಾತ್ರಿಗಳು ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಏಳುವಾಗ ಅಜ್ಜನ ಹೆಸರು, ಅವರ ಅಪ್ಪನ ಹೆಸರು ಕೇಳಿದರು. ಇಷ್ಟೆಲ್ಲ ಬರೆದು ಹೆಸರು ಬಿಟ್ಟರೆ ಆ ಬೀಟೆ ಹಲಗೆಗೂ ನಮಗೂ ಏನು ವ್ಯತ್ಯಾಸ ಅಂತ ನಾವೂ ಒತ್ತಾಯ ಮಾಡಿದೆವು. ಅಜ್ಜ ಎಲೆಯಡಿಕೆ ಉಗಿದು ಬಂದು ಕೂತರು.

‘ಹೆಸ್ರೆಲ್ಲ ಬರೀಬೇಡಿ ಮಾರಾಯ್ರೆ. ಫಾರೆಸ್ಟಿನೋರು ಓದ್ತಾರೆ. ಮೊಮ್ಮಗ ವಾಚರ್ ಕೆಲ್ಸಕ್ಕೆ ಅರ್ಜಿ ಹಾಕ್ಯಾನೆ.’

ಮಾಸ್ತರು ಬರೆದಿದ್ದ ಮೊದಲಕ್ಷರವನ್ನು ಹೊಡೆದು ಹಾಕಿದರು.