ದನ ಚೆನ್ನಾಗಿದ್ದವು, ಮೇಕೆ ಸತ್ತವು: ಪಿಪಿಆರ್ ರೋಗ ನಡೆದು ಬಂದ ದಾರಿ

ಹೋದ ವಾರ ಪಕ್ಕದ ಹಳ್ಳಿ ಹುಡುಗ ಒಬ್ಬ ಫೋನಿನಲ್ಲಿ ವಿಡಿಯೋ ತೋರಿಸಿದ. ಹೊರದೇಶದಲ್ಲಿ ಯಾರೋ ಗಿಡ್ಡ ಮೇಕೆಗಳನ್ನ ನಾಯಿಮರಿ ಥರ ಮುದ್ದಿಗೆ ಸಾಕಿದ್ದಾರೆ. "ಅಣ್ಣಾ, ಇವು ನಮ್ಮ ಕಡೆ ಬದುಕ್ತವಾ?" ಅಂದ. ಉತ್ತರ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ನಮ್ಮ ಮೇಕೆಗಳ ಕಥೆ. ಅದನ್ನೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಆ ಗಿಡ್ಡ ಮೇಕೆಗಳ ಮೂಲ ಪಶ್ಚಿಮ ಆಫ್ರಿಕಾ. ನೈಜೀರಿಯಾ, ಘಾನಾ, ಐವರಿ ಕೋಸ್ಟ್ ಕಡೆ ಹಳ್ಳಿಗಳಲ್ಲಿ ಮನೆಗೆ ನಾಲ್ಕೈದರಂತೆ ಇರ್ತವೆ. ಎತ್ತರ ಒಂದೂವರೆ ಅಡಿ ಆಸುಪಾಸು. ಅಲ್ಲಿಂದ ಯುರೋಪಿನ ಮೃಗಾಲಯಗಳಿಗೆ, ಆಮೇಲೆ ಅಮೆರಿಕಕ್ಕೆ ಹೋಗಿ ಮುದ್ದಿನ ಪ್ರಾಣಿ ಆದವು. ಗಟ್ಟಿ ಜೀವ. ಅಲ್ಲಿ ಟ್ಸೆಟ್ಸೆ ಅನ್ನೋ ನೊಣ ಕಚ್ಚಿ ಬರುವ ಕಾಯಿಲೆಗೆ ಬೇರೆ ದನಕರು ಬಿದ್ದುಹೋದರೂ ಇವು ತಡೀತವೆ. ಆದ್ರೆ ಒಂದು ರೋಗ ಮಾತ್ರ ಇವನ್ನ ಹಿಂಡುಗಟ್ಟಲೆ ಕೊಂದಿತು. ಅದೇ ನಾವು ಪಿಪಿಆರ್ ಅನ್ನೋದು, ಕೆಲವು ಕಡೆ ಹಿರೇಬೇನೆ ಅಂತಾರೆ.

1942ರಲ್ಲಿ ಐವರಿ ಕೋಸ್ಟ್ ಫ್ರೆಂಚರ ಕೈಯಲ್ಲಿತ್ತು. ಅಲ್ಲಿ ಗಾರ್ಗಡೆನೆಕ್, ಲಾಲಾನ್ ಅನ್ನೋ ಇಬ್ಬರು ಈ ರೋಗದ ಬಗ್ಗೆ ಮೊದಲು ಬರೆದರು. ಮೇಕೆ ಕುರಿಗಳಿಗೆ ಜ್ವರ, ಮೂಗಲ್ಲಿ ಕಣ್ಣಲ್ಲಿ ಸೋರಿಕೆ, ಬಾಯಿ ಹುಣ್ಣು, ಭೇದಿ, ಸಾವು. ನೋಡೋಕೆ ದನಗಳ ದೊಡ್ಡ ರೋಗದ ಥರಾನೇ. ಆದ್ರೆ ಅವರು ಇನ್ನೊಂದನ್ನೂ ಗಮನಿಸಿದ್ರು. ಜೊತೆಯಲ್ಲೇ ಇದ್ದ ದನಗಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಬೇರೆ ಹೆಸರು ಇಟ್ಟರು. ಆ ಫ್ರೆಂಚ್ ಹೆಸರಿನ ಮೊದಲ ಅಕ್ಷರಗಳೇ ಪಿಪಿಆರ್. ಸಣ್ಣ ಮೆಲುಕು ಪ್ರಾಣಿಗಳ ಪ್ಲೇಗು ಅಂತ ಅರ್ಥ.

ನೈಜೀರಿಯಾದ ಜನ ಇದೇ ರೋಗಕ್ಕೆ 'ಕಾಟ' ಅಂತ ಕರೀತಿದ್ರು. ಅವರ ಆಡುಮಾತಲ್ಲಿ ನೆಗಡಿ ಅಂತ ಅರ್ಥ. 1960ರ ದಶಕದಲ್ಲಿ ಅಲ್ಲಿನ ಗಿಡ್ಡ ಮೇಕೆಗಳಲ್ಲಿ ಅದನ್ನ ಪರೀಕ್ಷೆ ಮಾಡಿ ಬರೆದರು. ಹೀಗೆ ಒಂದೊಂದು ಕಡೆ ಒಂದೊಂದು ಹೆಸರು. ಇದು ದೊಡ್ಡ ರೋಗದ ವೈರಸ್ಸಿನ ದಾಯಾದಿ, ಆದ್ರೆ ಬೇರೆಯದೇ ವೈರಸ್ಸು ಅಂತ ಗಟ್ಟಿಯಾಗಿದ್ದು 1979ರಲ್ಲಿ.

ಇಲ್ಲಿ ನನ್ನ ಕಥೆ ಹೇಳಬೇಕು.

ಹಲವು ವರ್ಷದ ಹಿಂದೆ ಒಂದು ಕಾರ್ತಿಕದಲ್ಲಿ ಸಂತೆಯಿಂದ ಎರಡು ಮೇಕೆ ತಂದೆ. ಅಗ್ಗಕ್ಕೆ ಸಿಕ್ಕಿದ್ವು ಅಂತ ಖುಷಿಯಲ್ಲೇ ತಂದು ನನ್ನ ಒಂಬತ್ತರ ಜೊತೆ ಕಟ್ಟಿದೆ. ಮೂರನೇ ದಿನ ಒಂದು ಸೀನಿತು. ಮೂಗಲ್ಲಿ ನೀರು. ಇಬ್ಬನಿ ಬೀಳ್ತಿತ್ತು, ನೆಗಡಿ ಅಂದುಕೊಂಡೆ. ವೀಳ್ಯದೆಲೆ ಮೆಣಸು ಅರೆದು ಕುಡಿಸಿದೆ. ನಮ್ಮಪ್ಪ ಆಗ ಬದುಕಿದ್ರು. ಅವರು ಸಣ್ಣವರಿದ್ದಾಗ ದೊಡ್ಡ ರೋಗ ಬಂದು ಊರಿನ ಎತ್ತು ದನ ಸಾಲಾಗಿ ಮಲಗಿದ್ದನ್ನ ಕಂಡವರು. ಕೊಟ್ಟಿಗೆಗೆ ಬಂದು ಮೇಕೆ ನೋಡಿದ್ರು, ಪಕ್ಕದಲ್ಲಿ ಕಟ್ಟಿದ್ದ ಎರಡು ಹಸು ನೋಡಿದ್ರು. "ದನ ಚೆನ್ನಾಗಿದಾವಲ್ಲೋ, ದೊಡ್ಡ ರೋಗ ಅಲ್ಲ ಬಿಡು" ಅಂದ್ರು. ನನಗೂ ಧೈರ್ಯ ಬಂತು.

1942ರಲ್ಲಿ ಆ ಇಬ್ಬರು ಕಂಡಿದ್ದನ್ನೇ ನಾವೂ ಕಂಡ್ವಿ. ಅವರು ಇದು ಹೊಸ ರೋಗ ಅಂದ್ರು. ನಾವು ರೋಗವೇ ಅಲ್ಲ ಅಂದ್ವಿ.

ವಾರ ತುಂಬೋದರೊಳಗೆ ಗೊಣ್ಣೆ ಗಟ್ಟಿಯಾಗಿ ಮೂಗು ಕಟ್ಟಿತು. ಕಣ್ಣು ಬೆಳಗ್ಗೆ ಅಂಟಿಕೊಂಡಿರೋದು. ವಸಡಿನ ಮೇಲೆ ತವುಡು ಅಂಟಿದ ಹಾಗೆ ಕಾಣೋದು, ಬಾಯಿ ಹತ್ತಿರ ಹೋದ್ರೆ ಕೆಟ್ಟ ವಾಸನೆ. ಹಿಕ್ಕೆ ಹೋಗಿ ನೀರು ಭೇದಿ ಆಯ್ತು. ಅಷ್ಟರಲ್ಲಿ ವ್ಯಾಪಾರಿ ಒಬ್ಬ ಬಂದ. ಕೆಮ್ಮು ಶುರುವಾಗಿದ್ದ ಎರಡನ್ನ ಸಿಕ್ಕಿದ ರೇಟಿಗೆ ಕೊಟ್ಟುಬಿಟ್ಟೆ. ಪಶು ಆಸ್ಪತ್ರೆಗೆ ಹೋಗಿದ್ದು ಅದರ ಮಾರನೇ ದಿನ. ಡಾಕ್ಟ್ರು ಬಂದು ಬಾಯಿ ತೆಗೆಸಿ ನೋಡಿ, "ಮೊದಲನೇ ದಿನ ಯಾಕೆ ಬರಲಿಲ್ಲ?" ಅಂದ್ರು. ಉಳಿದ ಒಂಬತ್ತರಲ್ಲಿ ಆರು ಹೋದವು. ನಮ್ಮ ಜೊತೆ ಮೇಯ್ತಿದ್ದ ಪಕ್ಕದ ಮನೆ ಅಜ್ಜಿಯ ನಾಲ್ಕು ಮೇಕೆಯಲ್ಲಿ ಮೂರು ಹೋದವು. ಅಜ್ಜಿಗೆ ಇದ್ದದ್ದೇ ಆ ನಾಲ್ಕು. "ಯಾರ ಕಣ್ಣು ಬಿತ್ತೋ ಮಗ" ಅಂತ ಅಳ್ತಿದ್ಲು. ನಾನು ತಲೆ ಆಡಿಸಿದೆ. ಸಂತೆಯಿಂದ ತಂದಿದ್ದು ನಾನು ಅಂತ ಹೇಳಲಿಲ್ಲ. ಸಂತೆಯಲ್ಲಿ ನನಗೆ ಮಾರಿದವನಿಗೆ ಮಾತ್ರ ಬಾಯಿಗೆ ಬಂದ ಹಾಗೆ ಬೈದೆ. ನಾನು ವ್ಯಾಪಾರಿಗೆ ಕೊಟ್ಟ ಎರಡು ಯಾವ ಊರಿಗೆ ಹೋದವೋ.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಪಿಪಿಆರ್ ಮೊದಲು ಗೊತ್ತಾಗಿದ್ದು 1987ರಲ್ಲಿ, ತಮಿಳುನಾಡಿನ ಈಗಿನ ವಿಳುಪ್ಪುರಂ ಜಿಲ್ಲೆಯ ಅರಸೂರಲ್ಲಿ, ಕುರಿ ಮಂದೆಗಳಲ್ಲಿ. ಅದರ ವರದಿ 1989ರಲ್ಲಿ ಪ್ರಕಟ ಆಯ್ತು. ಆ ಕೆಲಸದ ಮುಂದಾಳು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ. ಕೆಲವು ವರ್ಷ ಇದು ದಕ್ಷಿಣದ ರೋಗ ಅಂತಲೇ ಲೆಕ್ಕ ಇತ್ತು. 1994ರ ಹೊತ್ತಿಗೆ ಉತ್ತರದಲ್ಲೂ ಕಾಣಿಸಿತು.

ಅಲ್ಲಿಯವರೆಗೂ ನಮ್ಮ ದೇಶದಲ್ಲಿ ಪಿಪಿಆರ್‌ಗೆ ಬೇರೆ ಲಸಿಕೆ ಇರಲಿಲ್ಲ. ದಾಯಾದಿ ವೈರಸ್ ಆದ್ದರಿಂದ ದನಗಳ ದೊಡ್ಡ ರೋಗದ ಲಸಿಕೆಯನ್ನೇ ಮೇಕೆಗೂ ಹಾಕ್ತಿದ್ರು, ಅದು ಕಾಪಾಡ್ತಿತ್ತು. ಆದ್ರೆ ದೊಡ್ಡ ರೋಗವನ್ನ ಭೂಮಿಯಿಂದಲೇ ತೆಗೆಯೋಕೆ ಹೊರಟಾಗ ಅದನ್ನ ನಿಲ್ಲಿಸಬೇಕಾಯ್ತು. ಯಾಕೆಂದ್ರೆ ರಕ್ತ ಪರೀಕ್ಷೆ ಮಾಡಿದಾಗ ಲಸಿಕೆಯಿಂದ ಬಂದ ಶಕ್ತಿಯೋ, ರೋಗ ಬಂದು ಹೋದದ್ದೋ ಅಂತ ಗೊತ್ತಾಗ್ತಿರಲಿಲ್ಲ. ಆಗ ಮೇಕೆ ಕುರಿಗೇ ಅಂತ ಲಸಿಕೆ ಬೇಕಾಯ್ತು. ಹಿಮಾಚಲದ ಸುಂಗ್ರಿಯಲ್ಲಿ 1996ರಲ್ಲಿ ಮೇಕೆಯಿಂದ ತೆಗೆದ ವೈರಸ್ಸಿನಿಂದ ಮುಕ್ತೇಶ್ವರದ ವಿಜ್ಞಾನಿಗಳು ಒಂದು ಲಸಿಕೆ ಮಾಡಿದ್ರು. ಅದರ ಹೆಸರು 'ಸುಂಗ್ರಿ 96'. ತಮಿಳುನಾಡಿನವರು ಅರಸೂರಿನ ವೈರಸ್ಸಿನಿಂದಲೇ 'ಅರಸೂರ್ 87' ಮಾಡಿದ್ರು. ಒಂದು ಸಲ ಹಾಕಿಸಿದ್ರೆ ಕನಿಷ್ಠ ಮೂರು ವರ್ಷ ಕಾವಲು. 2010ರಲ್ಲಿ ಕೇಂದ್ರ ಸರ್ಕಾರದ ಪಿಪಿಆರ್ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕ ಇತ್ತು.

2011ರಲ್ಲಿ ದನಗಳ ದೊಡ್ಡ ರೋಗ ಪ್ರಪಂಚದಲ್ಲೇ ಇಲ್ಲ ಅಂತ ಘೋಷಣೆ ಆಯ್ತು. ನಮ್ಮಪ್ಪ ಹೆದರಿದ್ದ ರೋಗ ಅದು. 2015ರಲ್ಲಿ ಪಿಪಿಆರ್ ಕೂಡ ತೆಗೀಬೇಕು, 2030ಕ್ಕೆ ಮುಗಿಸಬೇಕು ಅಂತ ತೀರ್ಮಾನ ಮಾಡಿದ್ದು ಅದೇ ಐವರಿ ಕೋಸ್ಟಿನ ಅಬಿಜಾನ್ ಊರಲ್ಲಿ. ದನದ ರೋಗ ಹೋಗಿದೆ ಅಂದ್ರೆ ಮೇಕೆಯದೂ ಹೋಗಬಹುದು. ಆದ್ರೆ ಅದು ನಮ್ಮ ಕೊಟ್ಟಿಗೆಯಿಂದ ಆಗಬೇಕಾದ ಕೆಲಸ.

ನಾನು ಈಗ ಮಾಡೋದನ್ನ ಹೇಳ್ತೀನಿ.

ಹೊರಗಿಂದ ತಂದ ಮೇಕೆಯನ್ನ ಮೂರು ವಾರ ಬೇರೆ ಕಡೆ ಕಟ್ತೀನಿ. ನೀರಿನ ಬಾನಿ ಬೇರೆ, ಮೇವು ಬೇರೆ. ನಮ್ಮವಕ್ಕೆ ಮೇವು ಹಾಕಿದ ಮೇಲೆ ಕೊನೆಗೆ ಅದರ ಹತ್ತಿರ ಹೋಗ್ತೀನಿ.

ಬೆಳಗ್ಗೆ ಬಿಡೋ ಮುಂಚೆ ಮೂಗು, ಕಣ್ಣು, ಹಿಕ್ಕೆ ನೋಡ್ತೀನಿ. ಮೆಲುಕು ಹಾಕದೆ ಮೂಲೆ ಹಿಡಿದು ನಿಂತಿದ್ರೆ ಥರ್ಮಾಮೀಟರ್ ಇಡ್ತೀನಿ. ಮೇಕೆಗೆ 102, 103 ಡಿಗ್ರಿ ಮಾಮೂಲು. 104 ದಾಟಿದ್ರೆ ಅದನ್ನ ಬೇರೆ ಮಾಡಿ ಅವತ್ತೇ ಡಾಕ್ಟ್ರಿಗೆ ಫೋನ್. ಒಂದಕ್ಕೆ ಬರೀ ಸೀನು ಅಂದ್ರೆ ನೆಗಡಿ ಇರಬಹುದು. ಜ್ವರದ ಜೊತೆ ಎರಡು ಮೂರಕ್ಕೆ ಒಟ್ಟಿಗೆ ಮೂಗು ಸೋರಿದ್ರೆ ಕಾಯಬೇಡಿ. ದನಕ್ಕೂ ಬಾಯಿ ಹುಣ್ಣು, ಕಾಲು ಕುಂಟು ಇದ್ರೆ ಅದು ಕಾಲುಬಾಯಿ ಜ್ವರ ಇರಬಹುದು. ದನ ಚೆನ್ನಾಗಿದ್ದು ಮೇಕೆ ಮಾತ್ರ ಬಿದ್ರೆ ಮೊದಲ ಅನುಮಾನ ಪಿಪಿಆರ್ ಮೇಲೇ ಇರಲಿ.

ಈ ವೈರಸ್ಸಿಗೆ ಔಷಧಿ ಇಲ್ಲ. ಡಾಕ್ಟ್ರು ಕೊಡೋ ಇಂಜೆಕ್ಷನ್ನು ಅದರ ಹಿಂದೆ ಬರುವ ಶ್ವಾಸಕೋಶದ ಸೋಂಕಿಗೆ. ಭೇದಿಯಲ್ಲಿ ಹೋದ ನೀರನ್ನ ತುಂಬಬೇಕು, ಬಾಯಿ ಮೂಗು ಒರೆಸಬೇಕು, ಮೆತ್ತಗಿನ ಮೇವು ಕೊಡಬೇಕು. ಇದು ಮನುಷ್ಯರಿಗೆ ಬರಲ್ಲ, ಹೆದರದೆ ಆರೈಕೆ ಮಾಡಿ. ಸತ್ತದ್ದನ್ನ ಕೆರೆಗೆ ಹಳ್ಳಕ್ಕೆ ಎಸೀಬೇಡಿ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.

ಲಸಿಕೆ ಹಾಕೋರು ಬರೋ ದಿನ ಬೆಳಗ್ಗೆ ಬೇಗ ಮೇಯಿಸೋಕೆ ಹೊಡ್ಕೊಂಡು ಹೋಗಬೇಡಿ. ಮರಿಗಳಿಗೆ ನಾಲ್ಕು ತಿಂಗಳು ತುಂಬಿದ್ರೆ ಹಾಕಿಸಿ. ಆಮೇಲೆ ಹುಟ್ಟಿದ ಮರಿ, ಆಮೇಲೆ ಕೊಂಡು ತಂದದ್ದು ಲೆಕ್ಕ ತಪ್ಪಿರ್ತವೆ, ಅವನ್ನ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು. ಕಾಯಿಲೆ ಬಂದದ್ದನ್ನ ಮಾರಬೇಡಿ. ಅಕ್ಕಪಕ್ಕದವರಿಗೆ ಅವತ್ತೇ ಹೇಳಿ, ಬೈದ್ರೆ ಬೈಸ್ಕೊಳ್ಳಿ. ಅವರ ಮೇಕೆನಾದ್ರೂ ಉಳೀಲಿ.

ಆ ಅಜ್ಜಿ ಈಗಿಲ್ಲ. ಅವಳ ಮೊಮ್ಮಗ ಈ ಪೇಜ್ ಓದ್ತಾನೆ. ತಮ್ಮಾ, ಆವತ್ತು ರೋಗ ತಂದಿದ್ದು ನಾನೇ. ಸಂಜೆ ಮನೆ ಕಡೆ ಬರ್ತೀನಿ, ಮಾತಾಡೋಣ.

ಆ ವಿಡಿಯೋ ಹುಡುಗನಿಗೂ ಉತ್ತರ ಹೇಳಿದ್ದೀನಿ. ಗಿಡ್ಡ ಮೇಕೆ ತರ್ತೀಯೋ, ನಾಟಿ ಮೇಕೆ ತರ್ತೀಯೋ ನಿನ್ನಿಷ್ಟ. ಮೊದಲು ಮೂರು ವಾರ ಕಟ್ಟೋಕೆ ಬೇರೆ ಜಾಗ ಮಾಡ್ಕೋ.