ಬಳ್ಳಾರಿ ರಾಘವ: ರಂಗಭೂಮಿಯಿಂದ ಬೆಳ್ಳಿತೆರೆಯವರೆಗೆ

ಬಳ್ಳಾರಿ ನಗರಕ್ಕೆ ಹೋದವರೆಲ್ಲ ರಾಘವ ಕಲಾಮಂದಿರದ ಹೆಸರು ಕೇಳಿರುತ್ತಾರೆ. ಅಲ್ಲಿ ನಾಟಕ, ಸಂಗೀತ, ಸಭೆ ಸಮಾರಂಭಗಳು ನಡೆಯುತ್ತಿರುತ್ತವೆ. ಆದರೆ ಈ ರಾಘವ ಯಾರು ಎಂದು ನಮ್ಮ ಎಮ್ಮಿಗನೂರು, ಕಂಪ್ಲಿ, ಹೊಸಪೇಟೆ ಭಾಗದ ಇಂದಿನ ಮಕ್ಕಳನ್ನು ಕೇಳಿದರೆ ಉತ್ತರ ಬರುವುದು ಕಡಿಮೆ. ಬಯಲಾಟ ಮತ್ತು ಕಂಪನಿ ನಾಟಕಗಳನ್ನು ನೋಡಿ ಬೆಳೆದ ಈ ಸೀಮೆಯವರು ಅವರನ್ನು ತಿಳಿದಿರಬೇಕೆಂಬ ಉದ್ದೇಶದಿಂದ ಈ ಪರಿಚಯ ಲೇಖನ.

ಜನನ ಮತ್ತು ಮನೆತನ

ರಾಘವರ ಪೂರ್ಣ ಹೆಸರು ತಾಡಿಪತ್ರಿ ರಾಘವಾಚಾರ್ಯ. ಇವರು 1880ರ ಆಗಸ್ಟ್ 2ರಂದು ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ ಜನಿಸಿದರು. ತಂದೆ ನರಸಿಂಹಾಚಾರ್ಯರು, ತಾಯಿ ಶೇಷಮ್ಮ. ಆ ಕಾಲಕ್ಕೆ ಬಳ್ಳಾರಿ, ಅನಂತಪುರ ಎರಡೂ ಮದ್ರಾಸ್ ಪ್ರಾಂತ್ಯದ ಆಡಳಿತದಲ್ಲಿದ್ದವು. ಬಳ್ಳಾರಿಯ ಪೇಟೆ ಬೀದಿಯಲ್ಲಿ ಕನ್ನಡವೂ ತೆಲುಗೂ ಒಟ್ಟಿಗೆ ನಡೆಯುತ್ತಿದ್ದವು. ಇಂದಿಗೂ ನಮ್ಮ ಅಂಗಡಿಗಳಲ್ಲಿ ಅದೇ ರೂಢಿ ಇದೆ. ಹೀಗಾಗಿ ಎರಡೂ ಭಾಷೆ ಅವರಿಗೆ ಸಹಜವಾಗಿ ಒಲಿದವು.

ನಾಟಕ ಅವರಿಗೆ ಮನೆಯಲ್ಲೇ ಸಿಕ್ಕಿತು. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿದ್ದು, ಸರಸ ವಿನೋದಿನಿ ಸಭೆಯನ್ನು ಕಟ್ಟಿ ತಾವೇ ನಾಟಕ ಬರೆದು ಆಡಿಸುತ್ತಿದ್ದರು. ತೆಲುಗರು ಅವರನ್ನು ಆಂಧ್ರ ನಾಟಕ ಪಿತಾಮಹ ಎಂದು ಗೌರವಿಸುತ್ತಾರೆ. ಅದೇ ಊರಿನಲ್ಲಿ ಇನ್ನೊಬ್ಬ ವಕೀಲರಾದ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯ ಮೂಲಕ ಐತಿಹಾಸಿಕ ನಾಟಕಗಳನ್ನು ರಂಗಕ್ಕೆ ತಂದರು. ಒಂದೇ ಊರಿನಲ್ಲಿ ಎರಡು ಸಭೆಗಳ ಪೈಪೋಟಿ ಇದ್ದುದರಿಂದ ನಟರಿಗೂ ಪ್ರೇಕ್ಷಕರಿಗೂ ಒಳ್ಳೆಯದೇ ಆಯಿತು.

ವಕೀಲಿ ವೃತ್ತಿ

ಮದ್ರಾಸಿನಲ್ಲಿ ಕಾನೂನು ಪದವಿ ಪಡೆದು 1905ರ ನಂತರ ರಾಘವರು ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದರು. ಮುಂದೆ ಸರ್ಕಾರಿ ಅಭಿಯೋಜಕರಾದರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಬಿರುದೂ ಬಂತು. ಹೊಟ್ಟೆಪಾಡು ನ್ಯಾಯಾಲಯದಲ್ಲಿ, ಮನಸ್ಸು ರಂಗಭೂಮಿಯಲ್ಲಿ. ಇದರಿಂದ ಅವರಿಗೆ ಒಂದು ಸ್ವಾತಂತ್ರ್ಯ ದೊರೆಯಿತು. ಟಿಕೆಟ್ ಹಣಕ್ಕಾಗಿ ಜನ ಕೇಳಿದ್ದನ್ನೇ ಆಡಬೇಕಾದ ಒತ್ತಡ ಅವರಿಗಿರಲಿಲ್ಲ. ತಮಗೆ ಸರಿ ಕಂಡ ರೀತಿಯಲ್ಲಿ ನಟಿಸಬಹುದಾಗಿತ್ತು.

ರಂಗಭೂಮಿಯ ಸಾಧನೆ

ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಸ್ಥಾಪಿಸಿ ಇಂಗ್ಲಿಷ್ ನಾಟಕಗಳಲ್ಲಿ ಅಭಿನಯಿಸಿದರು. ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಜೊತೆ ಅವರಿಗೆ ನಿಕಟ ಸಂಬಂಧವಿತ್ತು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕೂ ಭಾಷೆಗಳಲ್ಲಿ ಬಣ್ಣ ಹಚ್ಚಿದರು. ಹರಿಶ್ಚಂದ್ರ, ದುರ್ಯೋಧನ, ಹಿರಣ್ಯಕಶಿಪು, ಒಥೆಲೋ, ಶೈಲಾಕ್, ಕಬೀರ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಪಾತ್ರಗಳು ಅವರವು.

ನಮ್ಮ ಭಾಗದವರು ವಿಶೇಷವಾಗಿ ನೆನಪಿಡಬೇಕಾದದ್ದು ವಿಜಯನಗರದ ಪತನ ಕುರಿತ ಕೋಲಾಚಲಂ ಅವರ ನಾಟಕ. 1565ರ ಯುದ್ಧದ ಕಥೆಯಲ್ಲಿ ಪಠಾಣ್ ರುಸ್ತುಂ ಪಾತ್ರ ವಹಿಸಿ ರಾಘವರು ಹೆಸರುವಾಸಿಯಾದರು. ಹಂಪಿಯ ಕಲ್ಲುಗಳನ್ನು ದಿನವೂ ನೋಡುವ ಜನರ ನಡುವಿನಿಂದಲೇ ಅಂಥ ನಾಟಕ ಹುಟ್ಟಿತೆಂಬುದು ಸಣ್ಣ ಮಾತಲ್ಲ.

ಆಗಿನ ಪೌರಾಣಿಕ ನಾಟಕಗಳಲ್ಲಿ ಹಾಡಿಗೇ ಹೆಚ್ಚಿನ ಬೆಲೆ. ಪದ್ಯವನ್ನು ರಾಗವಾಗಿ ಎಳೆದೆಳೆದು ಹಾಡುವುದು, ಜನ ಒನ್ಸ್ ಮೋರ್ ಎಂದರೆ ಕಥೆ ನಿಲ್ಲಿಸಿ ಮತ್ತೆ ಹಾಡುವುದು ವಾಡಿಕೆ. ರಾಘವರು ಇದನ್ನು ಒಪ್ಪಲಿಲ್ಲ. ಮಾತಿನ ಏರಿಳಿತ, ಮುಖದ ಭಾವ, ಒಂದು ಕ್ಷಣದ ಮೌನ ಇವುಗಳಿಂದಲೇ ಪಾತ್ರ ನಿಲ್ಲಬೇಕೆಂಬುದು ಅವರ ನಿಲುವು. ರವೀಂದ್ರನಾಥ ಟಾಗೋರರು ಬೆಂಗಳೂರಿನಲ್ಲಿ ಅವರ ಅಭಿನಯ ನೋಡಿ ಮೆಚ್ಚಿದರು. 1927ರಲ್ಲಿ ಮಹಾತ್ಮ ಗಾಂಧೀಜಿಯವರು ಅವರ ದೀನಬಂಧು ಕಬೀರ್ ಎಂಬ ಹಿಂದಿ ನಾಟಕ ವೀಕ್ಷಿಸಿದರು. 1928ರಲ್ಲಿ ರಾಘವರು ಇಂಗ್ಲೆಂಡಿಗೆ ತೆರಳಿ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು.

ಸ್ತ್ರೀ ಪಾತ್ರಕ್ಕೆ ಸ್ತ್ರೀಯರೇ

ಗಂಡಸರೇ ಸೀರೆಯುಟ್ಟು ಸ್ತ್ರೀ ಪಾತ್ರ ಮಾಡುತ್ತಿದ್ದ ದಿನಗಳವು. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ರಂಗಕ್ಕೆ ಬರುವುದು ದೂರದ ಮಾತಾಗಿತ್ತು. ರಾಘವರು ಸ್ತ್ರೀ ಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದು, ವಿದ್ಯಾವಂತ ಮಹಿಳೆಯರನ್ನು ರಂಗಕ್ಕೆ ಕರೆತಂದರು. ಕೊಮ್ಮೂರಿ ಪದ್ಮಾವತಿದೇವಿಯವರು ಅವರಲ್ಲಿ ಪ್ರಮುಖರು. ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದ ಪಿ. ವಿ. ರಾಜಮನ್ನಾರ್ ಬರೆದ ತಪ್ಪೆವರಿದಿ ಎಂಬ ಸಾಮಾಜಿಕ ನಾಟಕವನ್ನು ರಾಘವರು ಪ್ರಯೋಗಿಸಿದರು. ಸಮಾಜದಲ್ಲಿ ಸ್ಥಾನಮಾನವಿದ್ದ ಒಬ್ಬ ವಕೀಲರು ಮುಂದೆ ನಿಂತದ್ದರಿಂದ ಮನೆಯವರ ಅಳುಕು ಸ್ವಲ್ಪ ಕಡಿಮೆಯಾಗಿರಬೇಕು. ಹೊಸ ದಾರಿ ತೆರೆಯುವಾಗ ಹಿರಿಯರೊಬ್ಬರ ಬೆಂಬಲ ಎಷ್ಟು ಮುಖ್ಯವೆಂಬುದಕ್ಕೆ ಇದು ಉದಾಹರಣೆ.

ಚಲನಚಿತ್ರಗಳು

ಐವತ್ತೈದು ದಾಟಿದ ಮೇಲೆ ರಾಘವರು ಸಿನಿಮಾಕ್ಕೆ ಬಂದರು. 1936ರ ದ್ರೌಪದಿ ಮಾನಸಂರಕ್ಷಣಂ ಚಿತ್ರದಲ್ಲಿ ದುರ್ಯೋಧನನಾದರು. ಅದೇ ವರ್ಷ ಅದೇ ಕಥೆಯ ದ್ರೌಪದಿ ವಸ್ತ್ರಾಪಹರಣಂ ಎಂಬ ಇನ್ನೊಂದು ಚಿತ್ರವೂ ಬಂದು, ಪೈಪೋಟಿಯಲ್ಲಿ ರಾಘವರ ಚಿತ್ರ ಹಿಂದೆ ಬಿತ್ತು.

1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನದ ರೈತು ಬಿಡ್ಡ ಚಿತ್ರದಲ್ಲಿ ಜಮೀನ್ದಾರರ ಕೈಯಲ್ಲಿ ನಲುಗುವ ರೈತನ ಪಾತ್ರ. ಜಮೀನ್ದಾರರು ಈ ಚಿತ್ರವನ್ನು ತೀವ್ರವಾಗಿ ವಿರೋಧಿಸಿದರು, ಕೆಲವೆಡೆ ಪ್ರದರ್ಶನಕ್ಕೆ ತಡೆಯೂ ಬಂತು. ಹಣ ಹಾಕಿದ ಚಲ್ಲಪಲ್ಲಿಯ ರಾಜರು ಸ್ವತಃ ಜಮೀನ್ದಾರರಾಗಿದ್ದುದು ವಿಶೇಷ. 1940ರ ಚಂಡಿಕಾ ಅವರ ಮೂರನೆಯ ಚಿತ್ರ. ಮೂರೂ ತೆಲುಗು ಚಿತ್ರಗಳು. ರಂಗಭೂಮಿಯ ಎತ್ತರಕ್ಕೆ ಹೋಲಿಸಿದರೆ ಸಿನಿಮಾ ಸಾಧನೆ ಚಿಕ್ಕದು. ಆದರೂ ರಾಜ, ರಾಕ್ಷಸ ಪಾತ್ರಗಳಿಗೆ ಹೆಸರಾದ ನಟ ಬಡ ರೈತನಾಗಿ ಪರದೆಯ ಮೇಲೆ ನಿಂತದ್ದು ಅವರ ಬಹುಮುಖ ಪ್ರತಿಭೆಗೆ ಸಾಕ್ಷಿ.

ನಿಧನ ಮತ್ತು ಸ್ಮರಣೆ

1946ರ ಏಪ್ರಿಲ್ 16ರಂದು ರಾಘವರು ನಿಧನರಾದರು. ಏಳು ವರ್ಷಗಳ ನಂತರ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾಯಿತು, ನೆನಪೂ ಹಂಚಿಹೋಯಿತು. ತೆಲುಗರು ಅವರನ್ನು ತಮ್ಮ ಮಹಾನಟರೆಂದು ಕೊಂಡಾಡುತ್ತಾರೆ. ಕನ್ನಡದ ಓದುಗರಿಗೆ ಅವರು ಕಟ್ಟಡದ ಮೇಲಿನ ಹೆಸರಾಗಿ ಉಳಿದಿದ್ದಾರೆ. ಅವರು ಇಬ್ಬರಿಗೂ ಸೇರಿದವರು. ಅವರ ಒಡನಾಟ ಕಂಡ ಜೋಳದರಾಶಿ ದೊಡ್ಡನಗೌಡರು ಕನ್ನಡ ಗಮಕ ಮತ್ತು ರಂಗಭೂಮಿಯಲ್ಲಿ ದೊಡ್ಡ ಹೆಸರಾದರು ಎಂಬುದನ್ನು ಮರೆಯಬಾರದು.

ಶಾಲೆಯ ವಾರ್ಷಿಕೋತ್ಸವದಲ್ಲೋ ಸಮಾಜದ ಕಾರ್ಯಕ್ರಮದಲ್ಲೋ ಮಗುವೊಂದು ನಾಟಕಕ್ಕೆ ಸೇರುತ್ತೇನೆಂದರೆ, ಓದು ಕೆಡುತ್ತದೆ, ಅಂಗಡಿ ಯಾರು ನೋಡುತ್ತಾರೆ ಎಂದು ಹಿಂಜರಿಯುವ ಪಾಲಕರು ನಮ್ಮಲ್ಲಿ ಬಹಳ. ಅಂಥವರು ರಾಘವರ ಬದುಕನ್ನು ಒಮ್ಮೆ ನೋಡಬೇಕು. ಕಸುಬನ್ನೂ ಬಿಡದೆ, ಕಲೆಯನ್ನೂ ಬಿಡದೆ ಬಾಳಿದವರು ನಮ್ಮ ಜಿಲ್ಲೆಯಲ್ಲೇ ಇದ್ದರು.