ಹಸಿವಿನ ಚೀಟಿ, ಅರ್ಜಿಯ ಹಾಳೆ

ಹಸಿದವನ ತಟ್ಟೆಗೆ ಅನ್ನ ಬಡಿಸುವುದು ಒಂದು ಬಗೆಯ ಸಹಾಯ. ಆಹಾರ ಕೊಳ್ಳುವ ಚೀಟಿಯನ್ನು ಅವನ ಕೈಗಿಡುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಕೊಡುವವನೂ ಪಡೆಯುವವನೂ ಮುಖಾಮುಖಿಯಾಗುತ್ತಾರೆ. ಎರಡನೆಯದರಲ್ಲಿ ಇಬ್ಬರ ನಡುವೆ ಒಂದು ಕಾಗದ ಬರುತ್ತದೆ. ಆ ಕಾಗದದ ಬೆನ್ನಿಗೇ ಕಚೇರಿ, ಗುಮಾಸ್ತ, ವರ್ತಕ, ಕಾನೂನು ಎಲ್ಲವೂ ಬರುತ್ತವೆ. ಚೀಟಿಯಿಂದ ಅನುಕೂಲವಿಲ್ಲವೆಂದಲ್ಲ. ಅದು ಪಡೆಯುವವನ ಮಾನ ಉಳಿಸುತ್ತದೆ, ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಚೀಟಿಯ ಚರಿತ್ರೆಯನ್ನು ಓದುತ್ತಾ ಹೋದಂತೆ ಒಂದೇ ಪ್ರಶ್ನೆ ಮತ್ತೆ ಮತ್ತೆ ನಮಗೆ ಎದುರಾಗುತ್ತದೆ: ಅದು ಕೊನೆಗೆ ಯಾರ ಕೈ ಸೇರುತ್ತದೆ?

ಇದು ಆಧುನಿಕ ಸರಕಾರಗಳು ಹುಟ್ಟಿಸಿದ ಪ್ರಶ್ನೆಯೇನೂ ಅಲ್ಲ. ಖಲೀಫಾ ಉಮರ್(ರ)ರ ಕಾಲದಲ್ಲಿ ಈಜಿಪ್ಟಿನ ಧಾನ್ಯ ಕೆಂಪು ಸಮುದ್ರದ ಮಾರ್ಗವಾಗಿ ಮದೀನಾಕ್ಕೆ ಸಮೀಪದ ಅಲ್‌ಜಾರ್ ಬಂದರಿಗೆ ಬರತೊಡಗಿತು. ಮುಂದೆ ಮರ್ವಾನ್ ಬಿನ್ ಹಕಮ್ ಮದೀನಾದ ಆಡಳಿತ ನೋಡಿಕೊಳ್ಳುತ್ತಿದ್ದಾಗ, ಅಲ್‌ಜಾರ್‌ನ ಧಾನ್ಯ ಪಡೆಯಲು ಜನರಿಗೆ ಚೀಟಿಗಳನ್ನು ಕೊಡಲಾಗುತ್ತಿತ್ತು. ಧಾನ್ಯ ಕೈಗೆ ಬರುವ ಮೊದಲೇ ಆ ಚೀಟಿಗಳು ಪೇಟೆಯಲ್ಲಿ ಕೈಯಿಂದ ಕೈಗೆ ಮಾರಾಟವಾಗತೊಡಗಿದವು. ಝೈದ್ ಬಿನ್ ಸಾಬಿತ್(ರ) ಮತ್ತು ಇನ್ನೊಬ್ಬ ಸಹಾಬಿ ನೇರವಾಗಿ ಮರ್ವಾನನ ಬಳಿಗೆ ಹೋಗಿ, ಇದು ಬಡ್ಡಿ ವ್ಯವಹಾರಕ್ಕೆ ದಾರಿ ಮಾಡಿಕೊಟ್ಟಂತಲ್ಲವೇ ಎಂದು ಆಕ್ಷೇಪಿಸಿದರು. ಮರ್ವಾನ್ ಕಾವಲುಗಾರರನ್ನು ಕಳಿಸಿ, ಚೀಟಿಗಳನ್ನು ಕೊಂಡವರಿಂದ ಕಿತ್ತು ಮೂಲ ಹಕ್ಕುದಾರರಿಗೆ ಮರಳಿಸಿದ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಈ ಘಟನೆ ದಾಖಲಾಗಿದೆ. ಹೊಟ್ಟೆಗೆಂದು ಕೊಟ್ಟ ಕಾಗದ ಹೊಟ್ಟೆಯನ್ನು ಬಿಟ್ಟು ಬೇರೆಡೆ ಹೋಗುವುದು ಹೊಸತಲ್ಲ. ಅದನ್ನು ಹಿಂದಕ್ಕೆ ತರುವ ಹೊಣೆ ಆಳುವವರದೆಂಬ ಅರಿವೂ ಹೊಸತಲ್ಲ.

ಹದಿಮೂರು ಶತಮಾನಗಳ ಬಳಿಕ ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಅಮೆರಿಕ. ಬಡವರು ಹಣ್ಣು, ತರಕಾರಿ ಕೊಂಡರೆ ಅದಕ್ಕೆ ಸರಕಾರವೇ ಪ್ರೋತ್ಸಾಹಧನ ಸೇರಿಸುವ ಯೋಜನೆ ಇಂದು ಅಲ್ಲಿದೆ. ಆ ಹಣ ಊರೂರಿಗೆ ತಲುಪಬೇಕಾದರೆ ಯಾರಾದರೂ ಸರಕಾರಕ್ಕೆ ಅರ್ಜಿ ಹಾಕಿ ಅನುದಾನ ಗೆಲ್ಲಬೇಕು. ಈ ವ್ಯವಸ್ಥೆ ಹೇಗೆ ಹುಟ್ಟಿತು ಎಂಬುದು ತಿಳಿಯಬೇಕಾದ ಕತೆ.

ಕಿತ್ತಳೆ ಚೀಟಿ, ನೀಲಿ ಚೀಟಿ

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ನಗರಗಳಲ್ಲಿ ಜನ ರೊಟ್ಟಿಗಾಗಿ ಸಾಲು ನಿಂತಿದ್ದರು. ಅದೇ ಹೊತ್ತಿಗೆ ಬೆಲೆ ಸಿಗದೆ ಹಳ್ಳಿಗಳಲ್ಲಿ ಬೆಳೆ ಕೊಳೆಯುತ್ತಿತ್ತು. ಬೆಲೆ ಏರಿಸಲೆಂದು 1933ರಲ್ಲಿ ಸರಕಾರವೇ ರೈತರಿಗೆ ಹಣ ಕೊಟ್ಟು ಬೆಳೆದು ನಿಂತ ಹತ್ತಿಯನ್ನು ಉಳಿಸಿತು ಎಂದರೆ ತಪ್ಪಾಗುತ್ತದೆ. ಅದನ್ನು ಉತ್ತು ಮಣ್ಣುಪಾಲು ಮಾಡಿಸಿತು. ಸುಮಾರು 60 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಹಸಿವೂ ಸಮೃದ್ಧಿಯೂ ಅಕ್ಕಪಕ್ಕದಲ್ಲೇ ಇದ್ದರೂ ಅವುಗಳ ನಡುವೆ ಸೇತುವೆ ಇರಲಿಲ್ಲ.

ಆ ಸೇತುವೆಯಾಗಿ 1939ರ ಮೇ 16ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಫುಡ್ ಸ್ಟ್ಯಾಂಪ್ ಯೋಜನೆ ಆರಂಭವಾಯಿತು. ಆಗ ಕೃಷಿ ಮಂತ್ರಿಯಾಗಿದ್ದವರು ಹೆನ್ರಿ ವ್ಯಾಲೇಸ್. ಯೋಜನೆಯ ಮೊದಲ ಆಡಳಿತಾಧಿಕಾರಿ ಮೈಲೋ ಪರ್ಕಿನ್ಸ್. ವ್ಯವಸ್ಥೆ ಸರಳವಾಗಿತ್ತು. ಬಡ ಕುಟುಂಬ ತಾನು ಎಂದಿನಂತೆ ಆಹಾರಕ್ಕೆ ಖರ್ಚು ಮಾಡುವ ಹಣ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಳ್ಳಬೇಕು. ಒಂದು ಡಾಲರಿನ ಕಿತ್ತಳೆ ಚೀಟಿಗೆ 50 ಸೆಂಟಿನ ನೀಲಿ ಚೀಟಿ ಉಚಿತ. ಕಿತ್ತಳೆ ಚೀಟಿಯಿಂದ ಯಾವುದೇ ಆಹಾರ ಕೊಳ್ಳಬಹುದಿತ್ತು. ನೀಲಿ ಚೀಟಿಗೆ ಮಾತ್ರ ಸರಕಾರ ಹೆಚ್ಚುವರಿ ಎಂದು ಘೋಷಿಸಿದ ಪದಾರ್ಥಗಳು ಸಿಗುತ್ತಿದ್ದವು: ಮೊಟ್ಟೆ, ಬೆಣ್ಣೆ, ಹುರುಳಿ ಜಾತಿಯ ಕಾಳು, ಹಿಟ್ಟು, ಹಣ್ಣು, ತರಕಾರಿ.

ಇಂದಿನ ಪ್ರೋತ್ಸಾಹಧನದ ಬೀಜ ಈ ನೀಲಿ ಚೀಟಿಯಲ್ಲೇ ಇದೆ. ಆದರೆ ಒಂದು ವ್ಯತ್ಯಾಸವನ್ನು ನಾವು ಗಮನಿಸಬೇಕು. ನೀಲಿ ಚೀಟಿಯ ಪಟ್ಟಿಯನ್ನು ತಯಾರಿಸಿದ್ದು ತಿನ್ನುವವನ ದೇಹಕ್ಕೆ ಏನು ಬೇಕೆಂದು ನೋಡಿ ಅಲ್ಲ, ಬೆಳೆಯುವವನ ಕಣಜದಲ್ಲಿ ಏನು ಮಿಕ್ಕಿದೆಯೆಂದು ನೋಡಿ. ನಾಲ್ಕು ವರ್ಷಗಳಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಸುಮಾರು 2 ಕೋಟಿ ಜನರು ಇದರ ಪ್ರಯೋಜನ ಪಡೆದರು. ಎರಡನೇ ಮಹಾಯುದ್ಧ ಬಂದು ದಾಸ್ತಾನು ಕರಗಿ, ನಿರುದ್ಯೋಗವೂ ಇಳಿದಾಗ, 1943ರಲ್ಲಿ ಯೋಜನೆ ಮುಚ್ಚಿತು.

ಯುದ್ಧ ಮುಗಿದ ಮೇಲೆ ದಾಸ್ತಾನು ಮತ್ತೆ ಬೆಳೆಯಿತು. ಈ ಬಾರಿ ಅದಕ್ಕೆ ಹೊರದೇಶದ ದಾರಿ ತೆರೆಯಲಾಯಿತು. 1954ರ ಜುಲೈನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಪಿ.ಎಲ್. 480 ಕಾಯ್ದೆಯಡಿ ಅಮೆರಿಕದ ಗೋಧಿ ಹಡಗು ಹಡಗಾಗಿ ಭಾರತಕ್ಕೆ ಬಂತು. ನಮ್ಮ ನಾಡಿನ ಹಿರಿಯರಿಗೆ ಶಾಲೆಯಲ್ಲಿ ಸಿಗುತ್ತಿದ್ದ ಗೋಧಿ ನುಚ್ಚಿನ ಉಪ್ಪಿಟ್ಟು, ಬಿಸಿನೀರಿನಲ್ಲಿ ಕದಡಿದ ಹಾಲಿನ ಪುಡಿ ಇನ್ನೂ ನೆನಪಿರಬಹುದು. ಕೇರ್ ಸಂಸ್ಥೆಯ ಮೂಲಕ ಬರುತ್ತಿದ್ದ ಆ ತಿನಿಸಿನ ಮೂಲವೂ ಇದೇ ಮಿಕ್ಕಿದ ಕಣಜ. ಆ ಉಪ್ಪಿಟ್ಟು ಎಷ್ಟೋ ಮಕ್ಕಳನ್ನು ಶಾಲೆಗೆ ಕರೆತಂದಿತು. ಆದರೆ ರಾಗಿ, ಜೋಳ, ಕುಚ್ಚಲಕ್ಕಿ ಉಣ್ಣುವ ನಾಡಿನ ಮಕ್ಕಳಿಗೆ ಏನು ಹಿತ ಎಂದು ಯಾರೂ ಕೇಳಿರಲಿಲ್ಲ.

ಕಾಸಿಲ್ಲದವನಿಗೆ ಚೀಟಿಯಿಲ್ಲ

ಕೆನಡಿ ಅಧ್ಯಕ್ಷರಾದ ವರ್ಷ, 1961ರ ಮೇ 29ರಂದು, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಮ್ಯಾಕ್‌ಡೊವೆಲ್ ಜಿಲ್ಲೆಯಲ್ಲಿ ಫುಡ್ ಸ್ಟ್ಯಾಂಪ್ ಮತ್ತೆ ಚಾಲ್ತಿಗೆ ಬಂತು. 1964ರ ಆಗಸ್ಟ್ 31ರಂದು ಜಾನ್ಸನ್ ಅದನ್ನು ಕಾಯಂ ಕಾಯ್ದೆಯಾಗಿಸಿದರು. ನೀಲಿ ಚೀಟಿ ಈ ಬಾರಿ ಇರಲಿಲ್ಲ. ಹಣ ಕೊಟ್ಟು ಚೀಟಿ ಕೊಳ್ಳಬೇಕೆಂಬ ಹಳೆಯ ನಿಯಮ ಮಾತ್ರ ಉಳಿಯಿತು.

ಆ ನಿಯಮ ಎಷ್ಟು ಕ್ರೂರವಾಗಬಲ್ಲದೆಂಬುದು ಮಿಸಿಸಿಪ್ಪಿಯಲ್ಲಿ ಬಯಲಾಯಿತು. ಉಚಿತ ಧಾನ್ಯ ವಿತರಣೆ ನಿಲ್ಲಿಸಿ ಫುಡ್ ಸ್ಟ್ಯಾಂಪ್ ತಂದ ಜಿಲ್ಲೆಗಳಲ್ಲಿ, ಹತ್ತಿ ಹೊಲದ ಕೂಲಿ ಕಳೆದುಕೊಂಡ ಕುಟುಂಬಗಳ ಬಳಿ ಚೀಟಿ ಕೊಳ್ಳಲು ಒಂದಷ್ಟು ಡಾಲರ್ ಕೂಡ ಇರಲಿಲ್ಲ. 1967ರ ಏಪ್ರಿಲ್‌ನಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಅಲ್ಲಿನ ಗುಡಿಸಲುಗಳಿಗೆ ಹೋಗಿ ಹಸಿದ ಮಕ್ಕಳನ್ನು ಕಂಡ ಮೇಲೆ ದೇಶ ಈ ಕಡೆ ತಿರುಗಿ ನೋಡಿತು. ಹಾಗಿದ್ದೂ ನಿಯಮ ಬಿದ್ದುಹೋಗಲು ಹತ್ತು ವರ್ಷ ಹಿಡಿಯಿತು. 1977ರ ಕಾಯ್ದೆ ಅದನ್ನು ರದ್ದುಗೊಳಿಸಿತು, 1979ರ ಜನವರಿಯಲ್ಲಿ ಅದು ಜಾರಿಗೆ ಬಂತು. ಆ ತಿಂಗಳಲ್ಲೇ ಫಲಾನುಭವಿಗಳ ಸಂಖ್ಯೆ 15 ಲಕ್ಷದಷ್ಟು ಏರಿತು. ಈ 15 ಲಕ್ಷ ಜನ ಅಂದೇ ಬಡವರಾದವರಲ್ಲ. ಬಾಗಿಲಲ್ಲಿ ಕೇಳುವ ಕಾಸು ಕೈಯಲ್ಲಿಲ್ಲದೆ ಹೊರಗೆ ನಿಂತಿದ್ದವರು.

ಬೀದಿಗೆ ಬಿದ್ದ ಮರಸೇಬು

ಹೊಟ್ಟೆ ತುಂಬಿದ ಮೇಲೆ ಏನು ತುಂಬಿತು ಎಂಬ ಪ್ರಶ್ನೆ ಬಂತು. ಅಗ್ಗದ ಸಿಹಿ ಪಾನೀಯ, ಕರಿದ ಪೊಟ್ಟಣ ತಿಂಡಿಗಳ ನಾಡಿನಲ್ಲಿ ಬಡತನದ ಗುರುತು ಬಡಕಲು ದೇಹವಷ್ಟೇ ಆಗಿ ಉಳಿಯಲಿಲ್ಲ. ಸಕ್ಕರೆ ಕಾಯಿಲೆಯೂ ಬೊಜ್ಜೂ ಅದರ ಗುರುತಾದವು. ಹಣ್ಣು, ಸೊಪ್ಪು ದುಬಾರಿಯಾಗಿದ್ದವು.

ಮ್ಯಾಸಚೂಸೆಟ್ಸ್ ರಾಜ್ಯದ ಕೃಷಿ ಆಯುಕ್ತರಾಗಿ, ಮುಂದೆ ಕೇಂದ್ರ ಕೃಷಿ ಇಲಾಖೆಯ ಉನ್ನತಾಧಿಕಾರಿಯಾಗಿ ಕೆಲಸ ಮಾಡಿದ ಗಸ್ ಶುಮೇಕರ್ ಒಂದು ಘಟನೆಯನ್ನು ಹೇಳಿಕೊಳ್ಳುತ್ತಿದ್ದರು. 1980ರಲ್ಲಿ ಬಾಸ್ಟನ್ನಿನ ಡಾರ್ಚೆಸ್ಟರ್ ಬಡಾವಣೆಯ ರೈತರ ಸಂತೆಯಲ್ಲಿ ಅವರ ಕೈಯಿಂದ ಮರಸೇಬಿನ ಪೆಟ್ಟಿಗೆ ಜಾರಿ ಬೀದಿಗೆ ಬಿತ್ತು. ಒಬ್ಬ ತಾಯಿ ಮಕ್ಕಳೊಂದಿಗೆ ಆ ಜಜ್ಜಿದ ಹಣ್ಣುಗಳನ್ನು ಆಯತೊಡಗಿದಳು. ವಿಚಾರಿಸಿದರೆ, ಅವಳು ಫುಡ್ ಸ್ಟ್ಯಾಂಪ್ ಪಡೆಯುವವಳು; ಅದರಲ್ಲಿ ಹಣ್ಣು ಕೊಳ್ಳಲು ಸಾಲುತ್ತಿರಲಿಲ್ಲ. ಬಡ ತಾಯಂದಿರಿಗೆ ರೈತರ ಸಂತೆಯಲ್ಲೇ ನಡೆಯುವ ಕೂಪನ್ ಕೊಡಿಸುವ ಪ್ರಯತ್ನಕ್ಕೆ ಅವರು ಕೈಹಾಕಿದ್ದು ಆ ಬಳಿಕ.

2005ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ರೈತರ ಸಂತೆಗಳಲ್ಲಿ ಹೆಲ್ತ್ ಬಕ್ಸ್ ಎಂಬ ಎರಡು ಡಾಲರಿನ ಕೂಪನ್ ತಂದಿತು. 2009ರಲ್ಲಿ ಡೆಟ್ರಾಯಿಟ್‌ನಲ್ಲಿ ಫೇರ್ ಫುಡ್ ನೆಟ್‌ವರ್ಕ್ ಸಂಸ್ಥೆ ಡಬಲ್ ಅಪ್ ಫುಡ್ ಬಕ್ಸ್ ಆರಂಭಿಸಿತು: ಸರಕಾರಿ ನೆರವಿನ ಒಂದು ಡಾಲರ್ ಖರ್ಚು ಮಾಡಿದರೆ ಹಣ್ಣು, ತರಕಾರಿಗೆ ಇನ್ನೊಂದು ಡಾಲರ್. ಫುಡ್ ಸ್ಟ್ಯಾಂಪ್‌ಗೆ 2008ರಲ್ಲೇ ಸ್ನ್ಯಾಪ್ ಎಂಬ ಹೊಸ ಹೆಸರು ಬಂದಿತ್ತು, ಕಾಗದದ ಬದಲು ಕಾರ್ಡು ಬಂದಿತ್ತು. ಅದೇ ವರ್ಷದ ಕೃಷಿ ಕಾಯ್ದೆ ಪ್ರೋತ್ಸಾಹಧನದ ಪರೀಕ್ಷೆಗೆ 2 ಕೋಟಿ ಡಾಲರ್ ತೆಗೆದಿಟ್ಟಿತು. 2011-12ರಲ್ಲಿ ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಡೆನ್ ಜಿಲ್ಲೆಯ 7,500 ಕುಟುಂಬಗಳನ್ನು ಚೀಟಿ ಎತ್ತಿದಂತೆ ಆರಿಸಿ, ಹಣ್ಣು ತರಕಾರಿಗೆ ಖರ್ಚು ಮಾಡಿದ ಪ್ರತಿ ಡಾಲರಿಗೆ 30 ಸೆಂಟ್ ಮರಳಿಸಲಾಯಿತು. ಅವರು ಇತರ ಸ್ನ್ಯಾಪ್ ಕುಟುಂಬಗಳಿಗಿಂತ ಶೇ. 26ರಷ್ಟು ಹೆಚ್ಚು ಹಣ್ಣು, ತರಕಾರಿ ತಿಂದರು. ಬಡವರಿಗೆ ಒಳ್ಳೆಯದನ್ನು ತಿನ್ನಲು ತಿಳಿಯದು ಎಂಬ ಉಳ್ಳವರ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ತಿಳಿವಳಿಕೆ ಇತ್ತು, ಕಾಸು ಇರಲಿಲ್ಲ.

ಅರ್ಜಿ ಬರೆಯಬಲ್ಲವರು

2014ರ ಕೃಷಿ ಕಾಯ್ದೆ ಇಂಥ ಯೋಜನೆಗಳಿಗೆ ಐದು ವರ್ಷಗಳ ಅವಧಿಗೆ 10 ಕೋಟಿ ಡಾಲರ್ ಅನುದಾನ ನೀಡಿತು. 2018ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾಯ್ದೆ ಅದನ್ನು 25 ಕೋಟಿಗೆ ಏರಿಸಿ, ಹಿಂದಿನ ವರ್ಷ ತೀರಿಕೊಂಡಿದ್ದ ಗಸ್ ಶುಮೇಕರ್‌ರ ಹೆಸರಿಟ್ಟಿತು. ವೈದ್ಯರು ಔಷಧದಂತೆಯೇ ಹಣ್ಣು, ತರಕಾರಿಯನ್ನು ಬರೆದುಕೊಡುವ ಯೋಜನೆಗಳೂ ಅದರಡಿ ಬಂದವು.

ಆದರೆ ಈ ಹಣ ಕಾರ್ಡಿನ ಮೂಲಕ ಎಲ್ಲ ಬಡವರಿಗೂ ತಾನಾಗಿ ಹರಿಯುವುದಿಲ್ಲ. ಸಂಸ್ಥೆಗಳೋ ಸ್ಥಳೀಯ ಆಡಳಿತಗಳೋ ಸ್ಪರ್ಧೆಯಲ್ಲಿ ಅರ್ಜಿ ಹಾಕಬೇಕು. ಮೊದಲು ಸರಕಾರದ ದಾಖಲೆಯಲ್ಲಿ ನೋಂದಣಿಯಾಗಿ ಗುರುತು ಸಂಖ್ಯೆ ಪಡೆಯಬೇಕು. ಆ ಬಳಿಕ ಊರಿನ ಅಗತ್ಯದ ವಿವರಣೆ, ಕಾರ್ಯಯೋಜನೆ, ಸಾಲು ಸಾಲಾಗಿ ಲೆಕ್ಕ, ಅಂಗಡಿಗಳ ಒಪ್ಪಿಗೆ ಪತ್ರ, ಫಲಿತಾಂಶವನ್ನು ಅಳೆಯುವ ವಿಧಾನ ಎಲ್ಲವನ್ನೂ ಒದಗಿಸಬೇಕು. ಪರಿಣತರ ಸಮಿತಿ ಅದನ್ನೆಲ್ಲ ಓದಿ ತೂಗಿ ನೋಡುತ್ತದೆ. ಇದು ಸಾರ್ವಜನಿಕ ಹಣ, ಲೆಕ್ಕ ಕೇಳುವುದು ನ್ಯಾಯವೇ. ಸೌಲಭ್ಯವಂಚಿತ ಸಮುದಾಯಗಳಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ.

ಆದರೆ ಅದೇ ಕಾಯ್ದೆ ಪ್ರೋತ್ಸಾಹಧನದ ಯೋಜನೆಗಳಿಗೆ ಇನ್ನೊಂದು ಷರತ್ತನ್ನೂ ಇಟ್ಟಿತು: ಕೇಂದ್ರ ಸರಕಾರ ಕೊಡುವ ಒಂದು ಡಾಲರಿಗೆ ಸಂಸ್ಥೆ ಬೇರೆ ಮೂಲದಿಂದ ಒಂದು ಡಾಲರ್ ತರಬೇಕು, ಹಣವಾಗಿಯೋ ವಸ್ತು, ಸೇವೆಯ ರೂಪದಲ್ಲೋ. ದೊಡ್ಡ ದಾನನಿಧಿಗಳಿರುವ ನಗರದ ಸಂಸ್ಥೆಗೆ ಇದು ಕಷ್ಟವಲ್ಲ. ಅರ್ಜಿ ಬರೆಯಲೆಂದೇ ಸಂಬಳದ ನೌಕರರೂ ಅಲ್ಲಿರುತ್ತಾರೆ. ಒಂದೇ ಒಂದು ಸಂತೆ, ನಾಲ್ಕು ಮಂದಿ ಸ್ವಯಂಸೇವಕರಿರುವ ಬಡ ಊರಿನ ಗುಂಪಿಗೆ ಆ ಇನ್ನೊಂದು ಡಾಲರ್ ಎಲ್ಲಿಂದ ಬರಬೇಕು? ಕೊರೋನಾ ಕಾಲದ ಪರಿಹಾರ ನಿಧಿಯಲ್ಲಿ ಈ ಷರತ್ತನ್ನು ಸಡಿಲಿಸಿದ್ದು ಅದು ತೊಡಕೆಂದು ಒಪ್ಪಿಕೊಂಡಂತೆಯೇ. 1967ರಲ್ಲಿ ಮಿಸಿಸಿಪ್ಪಿಯ ಕೂಲಿಯವನನ್ನು ಕೇಳಿದ ಪ್ರಶ್ನೆಯನ್ನೇ ಇಲ್ಲಿ ಊರಿಗೆ ಕೇಳಲಾಗುತ್ತಿದೆ: ಪಡೆಯಲು ಬಂದಿದ್ದೀಯಲ್ಲ, ಮೊದಲು ನಿನ್ನ ಪಾಲು ಎಲ್ಲಿ? ಅಂದು ಹೊರಗುಳಿದದ್ದು ಕುಟುಂಬ, ಈಗ ಹೊರಗುಳಿಯುವುದು ಇಡೀ ಊರು.

ಪವಿತ್ರ ಕುರ್‌ಆನ್ ಸಂಪತ್ತಿನಲ್ಲಿ ಹಕ್ಕಿರುವವರನ್ನು ಹೇಳುವಾಗ ಎರಡು ಕಡೆಗಳಲ್ಲಿ ಇಬ್ಬರನ್ನು ಜೊತೆಯಾಗಿ ಹೆಸರಿಸುತ್ತದೆ. ಒಬ್ಬ ಕೇಳುವವನು, ಇನ್ನೊಬ್ಬ ವಂಚಿತ. ಕೇಳಲು ಬಾರದ, ಕೇಳಲು ನಾಚುವ, ಹಾಗಾಗಿ ಯಾರ ಕಣ್ಣಿಗೂ ಬೀಳದ ಬಡವನೇ ಈ ವಂಚಿತನೆಂದು ಅನೇಕ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅರ್ಜಿಯ ವ್ಯವಸ್ಥೆ ಕೇಳುವವನಿಗೆ ಮಾತ್ರ ಕಿವಿಗೊಡುತ್ತದೆ. ಅದರಲ್ಲೂ ಚೆನ್ನಾಗಿ ಕೇಳಬಲ್ಲವನಿಗೆ. ಅಮೆರಿಕದ ಈ ಎಂಬತ್ತು ವರ್ಷಗಳ ಅನುಭವವನ್ನು ನಾವು ತಿರಸ್ಕಾರದಿಂದ ನೋಡಬೇಕಿಲ್ಲ. ಮಿಕ್ಕಿದ್ದನ್ನು ಕೊಡುವುದರಿಂದ ಹಿತವಾದುದನ್ನು ಕೊಡುವವರೆಗೆ ಅದು ನಡೆದು ಬಂದಿದೆ, ದಾರಿಯಲ್ಲಿ ಒಂದು ಕೆಟ್ಟ ನಿಯಮವನ್ನು ಕಿತ್ತೊಗೆದಿದೆ. ಉಳಿದಿರುವ ಕೆಲಸ, ಅರ್ಜಿ ಬಾರದ ಊರುಗಳ ಪಟ್ಟಿ ಮಾಡಿ ಅಲ್ಲಿಗೆ ತಾನೇ ಹೋಗುವುದು.

ಖಲೀಫಾ ಉಮರ್(ರ)ರು ರಾತ್ರಿಯಲ್ಲಿ ಮದೀನಾದ ಹೊರವಲಯದಲ್ಲಿ ಕಂಡ ತಾಯಿಯ ಕತೆ ನಮ್ಮ ಓದುಗರಿಗೆ ಗೊತ್ತಿರುವುದೇ. ಮಕ್ಕಳನ್ನು ಸಮಾಧಾನಪಡಿಸಲು ಬರೀ ನೀರನ್ನು ಒಲೆಯ ಮೇಲಿಟ್ಟು ಕುಳಿತಿದ್ದ ಅವಳು, ಎದುರಿಗಿರುವವರು ಯಾರೆಂದು ತಿಳಿಯದೆ ಖಲೀಫರನ್ನೇ ದೂರಿದಳು. ನಿನ್ನ ಸ್ಥಿತಿ ಅವರಿಗೆ ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆಗೆ, ನಮ್ಮ ಹೊಣೆ ಹೊತ್ತವನು ನಮ್ಮನ್ನು ಮರೆಯಬಹುದೇ ಎಂಬುದು ಅವಳ ಉತ್ತರವಾಗಿತ್ತು. ಉಮರ್(ರ)ರು ವಾದಿಸಲಿಲ್ಲ. ಉಗ್ರಾಣಕ್ಕೆ ಹೋಗಿ ಹಿಟ್ಟಿನ ಚೀಲವನ್ನು ತಮ್ಮ ಬೆನ್ನ ಮೇಲೆಯೇ ಹೊತ್ತು ತಂದರು. ಆ ತಾಯಿ ಎಲ್ಲಿಯೂ ಅರ್ಜಿ ಕೊಟ್ಟಿರಲಿಲ್ಲ.